ತೆನೆ ಹಬ್ಬದ ಪಾಲು ಯಾರಿಗೆ?

(ಕನ್ಯಾ ಮರಿಯಮ್ಮನವರ ಜನ್ಮೋತ್ಸವದಂದು ಶೆಟ್ಟಿಕೊಪ್ಪದಲ್ಲಿ ನೀಡಿದ ಪ್ರಬೋಧನೆ)



ಇಂದು ಸೆಪ್ಟೆಂಬರ್ 8. ನಮ್ಮೆಲ್ಲರ ತಾಯಿ ಕನ್ಯಾ ಮರಿಯಮ್ಮನವರ ಜನ್ಮದಿನ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಇದು ಮೊಂತಿ ಹಬ್ಬ, ಕನ್ನಡದಲ್ಲಿ ತೆನೆ ಹಬ್ಬ. ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಸುರಿವ ಮಳೆಯಲ್ಲಿ ಕೊಡೆ ಹಿಡಿದು, ಅಂಗಳದ ಡೇರೆ, ದಾಸವಾಳಗಳನ್ನು ಬಿಡಿಸಿ ತಂದು ತಾಯಿಯ ಪಾದಕ್ಕೆ ಅರ್ಪಿಸಿದ್ದಾರೆ. ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಪೈರು ಇನ್ನೂ ಹಸಿರಾಗಿದೆ, ತೆನೆ ಬಲಿಯಲು ಇನ್ನೂ ದಿನಗಳಿವೆ. ಆದರೂ ಬೇಗ ಬೆಳೆದ ಕಡೆಯಿಂದ ತೆನೆ ತರಿಸಿ, ಆಶೀರ್ವದಿಸಿ, ಮನೆಮನೆಗೆ ಹಂಚುತ್ತೇವೆ. ತೆನೆಯಿಲ್ಲದೆ ಈ ಹಬ್ಬವಿಲ್ಲ.

ಮನೆಗೆ ಹೋದ ಮೇಲೆ ನಾವು ಏನು ಮಾಡುತ್ತೇವೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮನೆಯ ಹಿರಿಯರು ಪ್ರಾರ್ಥನೆ ಹೇಳುತ್ತಾರೆ. ತೆನೆಯ ಕಾಳನ್ನು ಸುಲಿದು, ಅರೆದು, ಹಾಲಿನಲ್ಲೋ ತೆಂಗಿನ ಹಾಲಿನಲ್ಲೋ ಬೆರೆಸುತ್ತಾರೆ. ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆಯೇ ಬಾಳೆಲೆಯ ಊಟ. ವರ್ಷವಿಡೀ ಮೀನು ಮಾಂಸ ಬೇಯುವ ನಮ್ಮ ಅಡುಗೆಮನೆಗಳಲ್ಲಿ ಇಂದು ತರಕಾರಿಯೇ ಹಬ್ಬದೂಟ. ಅಲ್ಲಿ ಯಾರೂ ಒಬ್ಬರೇ ಕುಳಿತು ಉಣ್ಣುವುದಿಲ್ಲ. ಹೊಸ ಅಕ್ಕಿಯನ್ನು ಒಂಟಿಯಾಗಿ ತಿನ್ನುವ ಪದ್ಧತಿ ನಮ್ಮಲ್ಲಿಲ್ಲ.

ದೂರದಲ್ಲಿರುವವರನ್ನೂ ನಾವು ಮರೆಯುವುದಿಲ್ಲ. ದುಬೈಗೆ ಹೋದ ಮಗನಿಗೆ, ಬೆಂಗಳೂರಿನಲ್ಲಿ ನರ್ಸ್ ಆಗಿರುವ ಮಗಳಿಗೆ ಒಂದೆರಡು ಕಾಳನ್ನು ಕವರಿನಲ್ಲಿ ಹಾಕಿ ಅಂಚೆಗೆ ಕೊಡುವ ರೂಢಿ ನಮ್ಮ ಹಿರಿಯರಿಂದ ಬಂದಿದೆ. ಆ ಒಂದು ಕಾಳಿನಿಂದ ಯಾರ ಹೊಟ್ಟೆ ತುಂಬೀತು? ಆದರೆ ಅದರಲ್ಲಿ ಒಂದು ಮಾತಿದೆ: 'ಊಟಕ್ಕೆ ಕೂರುವಾಗ ನಿನ್ನನ್ನೂ ಎಣಿಸಿದ್ದೇವೆ. ನಿನ್ನ ಪಾಲು ತೆಗೆದಿಟ್ಟಿದ್ದೇವೆ.' ಪರದೇಶದಲ್ಲಿ ಆ ಕವರನ್ನು ಒಡೆದವರ ಕಣ್ಣು ಒದ್ದೆಯಾಗುವುದು ಈ ಮಾತಿಗಾಗಿ.

ಪ್ರಿಯರೇ, ಈ ಹಬ್ಬದ ದಿನ ನಿಮ್ಮ ಮುಂದೆ ಒಂದೇ ಒಂದು ಪ್ರಶ್ನೆ ಇಡಲು ಇಚ್ಛಿಸುತ್ತೇವೆ. ಏಳು ಸಮುದ್ರದಾಚೆ ಇರುವವರ ಪಾಲು ತೆಗೆದಿಡುವ ನಮ್ಮ ನಡುವೆ, ಈ ಹಳ್ಳದಾಚೆ, ಆ ತೋಟದ ಕೆಳಗೆ, ಯಾರೂ ಎಣಿಸದ ಒಬ್ಬ ಅಜ್ಜ, ಒಬ್ಬ ಅಜ್ಜಿ ಇದ್ದಾರೆಯೇ?

ನಮ್ಮ ಊರುಗಳ ರೀತಿ ನಿಮಗೆ ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿದ ಮನೆಗಳಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಒಂದು ತೋಟ, ಒಂದು ಹಳ್ಳ, ಅದರ ಮೇಲೊಂದು ಸಂಕ. ಮನೆ ತುಂಬ ಮಕ್ಕಳಿದ್ದ ಕಾಲದಲ್ಲಿ ಈ ದೂರ ಯಾರಿಗೂ ದೂರವೆನಿಸಲಿಲ್ಲ. ಇಂದು ಓದಿದ ಮಕ್ಕಳು ಬೆಂಗಳೂರು, ಮಂಗಳೂರು, ಕೊಲ್ಲಿ ದೇಶಗಳಲ್ಲಿದ್ದಾರೆ. ಅಡಿಕೆಗೆ ಹಳದಿ ಎಲೆ ರೋಗ, ಅದರ ಮೇಲೆ ಎಲೆಚುಕ್ಕಿ ರೋಗ ಬಂದು ತೋಟ ಕೈಕೊಟ್ಟ ಮನೆಗಳ ಮಕ್ಕಳು ಹೊರಗೆ ದುಡಿಯಲು ಹೋಗಿದ್ದಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ಕಳಿಸುವ ಹಣದಿಂದಲೇ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಆದರೆ ಒಲೆಯ ಮುಂದೆ ಕುಳಿತವರು ಒಬ್ಬರೇ ಆಗಿದ್ದಾರೆ.

ಮಳೆಗಾಲದಲ್ಲಿ ಈ ಒಂಟಿತನ ಇಮ್ಮಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಪಾಚಿಗಟ್ಟಿರುತ್ತದೆ. ಜಾರಿ ಬಿದ್ದರೆ ಎತ್ತುವವರಿಲ್ಲವೆಂಬ ಭಯಕ್ಕೆ ವಯಸ್ಸಾದವರು ಜಗುಲಿ ದಾಟುವುದಿಲ್ಲ. ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಭಾನುವಾರದ ಪೂಜೆಗೆ ಬರಲಾಗುವುದಿಲ್ಲ. ಮಗನ ಧ್ವನಿ ಕೇಳದೆ ನಾಲ್ಕು ದಿನ, ಮನುಷ್ಯರ ಮುಖ ಕಾಣದೆ ಎಂಟು ದಿನ. ಇದು ಕಟ್ಟುಕಥೆಯಲ್ಲ, ನಮ್ಮ ನಡುವಿನ ಬದುಕು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳೋಣ. ಒಬ್ಬರೇ ಇರುವವರೆಲ್ಲ ಒಂಟಿತನದಿಂದ ನರಳುವವರಲ್ಲ. ಜಪಸರ, ಕೋಳಿ, ತರಕಾರಿ ಮಡಿ, ರೇಡಿಯೋ ಇಷ್ಟರಲ್ಲೇ ನೆಮ್ಮದಿಯಾಗಿರುವ ಅಜ್ಜಿಯರಿದ್ದಾರೆ. ಹಾಗೆಯೇ ಒಂಟಿತನದಿಂದ ನರಳುವವರೆಲ್ಲ ಒಬ್ಬರೇ ಇರುವವರೂ ಅಲ್ಲ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ, ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವಾಗ, ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜನಿಗೆ ದಿನವಿಡೀ ಸಿಗುವ ಮಾತು ಎರಡೇ: 'ಊಟ ಆಯ್ತಾ? ಮಾತ್ರೆ ತಗೊಂಡ್ರಾ?' ಒಂಟಿತನವೆಂದರೆ ಜನರಿಲ್ಲದಿರುವುದಷ್ಟೇ ಅಲ್ಲ; ನನ್ನ ಮಾತಿಗೆ ಯಾರೂ ಕಾಯುತ್ತಿಲ್ಲವೆಂಬ ಅರಿವು.

ತಿಂಗಳ ಮೊದಲ ಶುಕ್ರವಾರ ಗುರುಗಳಾದ ನಾವು ನಡೆಯಲಾರದವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುತ್ತೇವೆ. ಪ್ರಾರ್ಥನೆ ಮುಗಿಯುತ್ತಲೇ ಎಲ್ಲ ಮನೆಗಳಲ್ಲೂ ಕೇಳುವ ಮಾತು ಒಂದೇ: 'ಫಾದರ್, ಒಂದು ಲೋಟ ಕಾಫಿ ಕುಡಿದು ಹೋಗಿ.' ಕಾಫಿ ಒಂದು ನೆಪ. ನೀರು ಕಾಯುವಷ್ಟು ಹೊತ್ತು, ಲೋಟ ಆರುವಷ್ಟು ಹೊತ್ತು ಒಬ್ಬರು ಎದುರಿಗೆ ಕೂರಲಿ ಎಂಬುದೇ ಅವರ ಬಯಕೆ. ಮುಂದಿನ ಮನೆಯಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ, ಅದರ ಮುಂದಿನ ಮನೆಯಲ್ಲಿ ಮತ್ತೊಬ್ಬರು. ಒಬ್ಬ ಗುರುವಿನ ಶುಕ್ರವಾರ ಎಲ್ಲರಿಗೂ ಸಾಲದು. ಆದರೆ ಇಡೀ ಧರ್ಮಕೇಂದ್ರದ ವಾರ ಸಾಲುತ್ತದೆ.

ಇದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಈ ವಿಷಯಕ್ಕೆಂದೇ ಒಂದು ಆಯೋಗ ರಚಿಸಿತು. ಆ ಆಯೋಗದ 2025ರ ವರದಿಯ ಪ್ರಕಾರ ಲೋಕದ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನವನ್ನು ಅನುಭವಿಸುತ್ತಿದ್ದಾರೆ. ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ. ಹೃದಯಾಘಾತ, ಪಾರ್ಶ್ವವಾಯು, ಮರೆವಿನ ಕಾಯಿಲೆ, ಖಿನ್ನತೆ ಇವೆಲ್ಲ ಒಂಟಿಯಾದವರನ್ನು ಹೆಚ್ಚಾಗಿ ಕಾಡುತ್ತವೆಂದು ವೈದ್ಯರು ಹೇಳುತ್ತಾರೆ. ಬ್ರಿಟನ್ ದೇಶವು 2018ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನೇ ನೇಮಿಸಿತು. 2021ರಲ್ಲಿ ಜಪಾನ್ ಹಾಗೆಯೇ ಮಾಡಿತು. ಆದರೆ ಜಗುಲಿಯ ಮೇಲೆ ಬಂದು ಕೂರಲು ಯಾವ ಮಂತ್ರಿಗೂ ಸಾಧ್ಯವಿಲ್ಲ. ಅದು ನೆರೆಯವರ ಕೆಲಸ.

ಶುಭಸಂದೇಶದಲ್ಲಿ ಬೆತ್ಸಥ ಕೊಳದ ಬಳಿ ಮಲಗಿದ್ದ ರೋಗಿಯನ್ನು ನೆನೆಯಿರಿ. ಸಂತ ಯೊವಾನ್ನರು ಬರೆಯುವಂತೆ ಅವನು 38 ವರ್ಷಗಳಿಂದ ಕಾಯಿಲೆಯವನು. ಗುಣಹೊಂದಲು ಮನಸ್ಸಿದೆಯೇ ಎಂದು ಯೇಸುಸ್ವಾಮಿ ಕೇಳಿದಾಗ ಅವನು ತನ್ನ ನೋವಿನ ಮಾತನ್ನೇ ಆಡಲಿಲ್ಲ. ತನ್ನನ್ನು ನೀರಿಗೆ ಇಳಿಸಲು ಯಾರೊಬ್ಬರೂ ಇಲ್ಲವೆಂಬುದನ್ನು ಹೇಳಿದ. ಆ ಮಂಟಪಗಳ ತುಂಬ ಜನರಿದ್ದರು. ಆ ಜನರ ನಡುವೆಯೇ ಅವನು ಯಾರೂ ಇಲ್ಲದವನಾಗಿದ್ದ. ಯೇಸುಸ್ವಾಮಿ ಅವನನ್ನು ಗುಣಪಡಿಸುವ ಮೊದಲು ಮಾಡಿದ್ದೇನು? ಅವನನ್ನು ನೋಡಿದರು, ಬಹುಕಾಲದಿಂದ ಅಲ್ಲಿರುವನೆಂದು ಅರಿತರು, ಅವನನ್ನು ಮಾತನಾಡಿಸಿದರು. ಈ ಮೂರೂ ನಮ್ಮ ಕೈಲಾಗುವ ಕೆಲಸಗಳು.

ಇಂದಿನ ಹಬ್ಬದ ತಾಯಿಯೂ ನಮಗೆ ಇದೇ ದಾರಿ ತೋರಿಸಿದ್ದಾರೆ. ದೇವದೂತನ ವಾರ್ತೆ ಕೇಳಿದ ಮೇಲೆ ಮರಿಯಮ್ಮನವರು ಮಾಡಿದ ಮೊದಲ ಕೆಲಸವೇನೆಂದು ಸಂತ ಲೂಕರು ತಿಳಿಸುತ್ತಾರೆ. ಅವರು ಅವಸರದಿಂದ ಹೊರಟು ಜುದೇಯದ ಬೆಟ್ಟದ ಸೀಮೆಗೆ, ವಯಸ್ಸಾದ ಬಂಧು ಎಲಿಜಬೇತಮ್ಮನ ಮನೆಗೆ ಹೋದರು. ಬೆಟ್ಟದ ಸೀಮೆಯೆಂದರೆ ನಮ್ಮ ಭಾಷೆಯಲ್ಲಿ ಮಲೆನಾಡು ಅಲ್ಲವೇ? ಆ ಮನೆಯ ಸ್ಥಿತಿಯನ್ನು ಯೋಚಿಸಿ. ಇಬ್ಬರೂ ಮುದಿವಯಸ್ಸಿನವರು. ಎಲಿಜಬೇತಮ್ಮ ಐದು ತಿಂಗಳಿಂದ ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಇದ್ದವರು. ಗಂಡ ಜಕರೀಯನಿಗೆ ಮಾತು ನಿಂತುಹೋಗಿತ್ತು. ಮಾತೇ ಇಲ್ಲದ ಮನೆ ಅದು. ಆ ಮನೆಯ ಬಾಗಿಲಲ್ಲಿ ನಿಂತು ಮರಿಯಮ್ಮನವರು ವಂದನೆ ಹೇಳಿದರು.

ಅಲ್ಲಿ ಅವರು ನೀರು ಹೊತ್ತರು, ಅಡುಗೆ ಮಾಡಿದರು ಎಂದು ನಾವು ಊಹಿಸಬಹುದು. ಆದರೆ ಸಂತ ಲೂಕರು ಅದನ್ನೆಲ್ಲ ಬರೆಯಲಿಲ್ಲ. ಅವರು ಬರೆದದ್ದು ಎರಡನ್ನೇ: ಮರಿಯಮ್ಮನವರು ವಂದಿಸಿದರು, ಸುಮಾರು ಮೂರು ತಿಂಗಳು ಜೊತೆಯಲ್ಲಿದ್ದರು. ಹೋಗುವುದು ಮತ್ತು ಇರುವುದು. ಕೈಯಲ್ಲೊಂದು ಹಣ್ಣಿನ ಪೊಟ್ಟಣ ಹಿಡಿದು, ಫೋಟೋ ತೆಗೆಸಿಕೊಂಡು, ವರ್ಷಕ್ಕೊಮ್ಮೆ ಮುಖ ತೋರಿಸುವುದಲ್ಲ. ಹೋಗುವುದು, ಇರುವುದು, ಮತ್ತೆ ಹೋಗುವುದು.

ಧರ್ಮಸಭೆಯ ಚರಿತ್ರೆಯಲ್ಲಿ ಈ ದಾರಿಯಲ್ಲಿ ನಡೆದವರು ಅನೇಕರು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡೆರಿಕ್ ಓಜನಾಂ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಗೆಳೆಯರೊಡನೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು ಆರಂಭಿಸಿದರು. ಸಹಾಯ ಬೇಡುವವರು ನಮ್ಮ ಬಾಗಿಲಿಗೆ ಬರುವುದಲ್ಲ, ನಾವೇ ಅವರ ಮನೆಗೆ ಹೋಗಬೇಕೆಂಬುದು ಆ ಸಭೆಯ ಮೂಲ ಪಾಠ. ಬಡವರ ಮನೆಗಳನ್ನು ಭೇಟಿಮಾಡುವ ಬಗೆಯನ್ನು ಅವರಿಗೆ ಕಲಿಸಿದವರು ರೊಸಾಲಿ ರೆಂದ್ಯೂ ಎಂಬ ಧರ್ಮಭಗಿನಿ. ಸಭೆಯ ಸದಸ್ಯರು ಇಂದಿಗೂ ಇಬ್ಬಿಬ್ಬರಾಗಿ ಮನೆಭೇಟಿಗೆ ಹೋಗುತ್ತಾರೆ.

1839ರ ಚಳಿಗಾಲದಲ್ಲಿ ಫ್ರಾನ್ಸ್ ದೇಶದ ಇನ್ನೊಂದು ಊರಿನಲ್ಲಿ ಜಾನ್ ಜ್ಯೂಗಾನ್ ಎಂಬ 47 ವರ್ಷದ ಬಡ ಹೆಣ್ಣುಮಗಳು, ನೋಡಿಕೊಳ್ಳುವವರಿಲ್ಲದ ಕುರುಡು ವಿಧವೆಯೊಬ್ಬರನ್ನು ತನ್ನ ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬಡವರ ಕಿರಿಯ ಭಗಿನಿಯರ ಸಂಸ್ಥೆ ಹುಟ್ಟಿದ್ದು ಹೀಗೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮ 1900ರಿಂದ ಇದೆ. 2009ರಲ್ಲಿ ಜಾನ್ ಜ್ಯೂಗಾನ್ ಅವರನ್ನು ಸಂತರ ಪಟ್ಟಿಗೆ ಸೇರಿಸಲಾಯಿತು. ದಿಕ್ಕಿಲ್ಲದವರಿಗೆ ಆಶ್ರಮ ಬೇಕು. ಆದರೆ ನಮ್ಮ ಹಿರಿಯರಲ್ಲಿ ಬಹಳ ಮಂದಿ ತಾವು ನೆಟ್ಟ ಅಡಿಕೆ ಮರದ ನೆರಳು ಬಿಟ್ಟು ಎಲ್ಲಿಗೂ ಹೋಗಲು ಒಪ್ಪುವುದಿಲ್ಲ. ಅವರ ಬಳಿಗೆ ನಾವೇ ಹೋಗಬೇಕು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅರ್ಮಾಂ ಮಾರ್ಕಿಸೆ ಎಂಬವರು ಪ್ಯಾರಿಸ್ಸಿನಲ್ಲಿ ಒಂಟಿ ವೃದ್ಧರಿಗಾಗಿ ಬಡವರ ಕಿರಿಯ ಸಹೋದರರು ಎಂಬ ಬಳಗ ಕಟ್ಟಿದರು. ಅನ್ನಕ್ಕೆ ತತ್ವಾರವಿದ್ದ ಕಾಲದಲ್ಲಿ ಅವರು ಊಟದ ಜೊತೆ ಹೂವನ್ನೂ ಒಯ್ದರು. ರೊಟ್ಟಿಗಿಂತ ಮೊದಲು ಹೂವು ಎಂಬುದೇ ಅವರ ಧ್ಯೇಯವಾಯಿತು. ಹಸಿದವನಿಗೆ ಹೂವೇಕೆ ಎಂದು ನೀವು ಕೇಳಬಹುದು. ರೊಟ್ಟಿಯನ್ನು ಯಾವ ಭಿಕ್ಷುಕನಿಗೂ ಕೊಡುತ್ತೇವೆ. ಹೂವನ್ನು ಪ್ರೀತಿಸುವವರಿಗೆ ಮಾತ್ರ ಕೊಡುತ್ತೇವೆ. ಒಂಬತ್ತು ದಿನ ಹೂವು ತಂದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಆಂಗ್ಲಿಕನ್ ಗುರುಗಳು, ಬದುಕು ಸಾಕೆನಿಸಿದವರಿಗಾಗಿ ತಮ್ಮ ದೇವಾಲಯದಲ್ಲಿ ಒಂದು ಫೋನ್ ಇಟ್ಟು ಕುಳಿತರು. ಬಹಳ ಜನ ಬರತೊಡಗಿದರು. ಕಾಯುತ್ತಿದ್ದವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸಾಮಾನ್ಯ ಜನ ಸಹಾಯಕ್ಕೆ ಬಂದರು. ಆಗ ಗುರುಗಳು ಒಂದು ವಿಚಿತ್ರ ಗಮನಿಸಿದರು. ಚಹಾ ಕುಡಿಯುತ್ತ ಮನಸ್ಸು ಬಿಚ್ಚಿದ ಎಷ್ಟೋ ಜನರಿಗೆ ಆಮೇಲೆ ಗುರುಗಳ ಸಲಹೆಯೇ ಬೇಡವಾಗುತ್ತಿತ್ತು. ಮರುವರ್ಷವೇ ಅವರು ಆ ಸೇವೆಯನ್ನು ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಕಿವಿಗೊಟ್ಟು ಕೂರಲು ಯಾವ ಪದವಿಯೂ ಬೇಕಿಲ್ಲವೆಂಬುದು ಅಲ್ಲಿ ಸಾಬೀತಾಯಿತು.

ನಮ್ಮ ನಾಡಿನಲ್ಲೂ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಎಂಬ ಸಹಾಯವಾಣಿ ಆರಂಭಿಸಿದರು. ದೇಶಕ್ಕೆಲ್ಲ ಒಂದೇ ಸಂಖ್ಯೆಯಾದ 14567 ಸಹಾಯವಾಣಿ 2021ರಿಂದ ಇದೆ. ಮನಸ್ಸಿಗೆ ಭಾರವಾದಾಗಲೂ ಹಿರಿಯರು ಅದಕ್ಕೆ ಕರೆ ಮಾಡಬಹುದು. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ. ಆದರೆ ಮಳೆಗೆ ಸಿಗ್ನಲ್ ಸತ್ತ ದಿನ ಯಾವ ಸಹಾಯವಾಣಿಯೂ ಮಾತನಾಡದು. ಅಂದು ಬೇಕಾಗುವುದು ಸಂಕ ದಾಟಿ ಬರುವ ಎರಡು ಕಾಲುಗಳು.

ಆದ್ದರಿಂದ ಪ್ರಿಯರೇ, ಈ ತೆನೆ ಹಬ್ಬದಿಂದ ನಮ್ಮಲ್ಲಿ ಒಡನಾಟದ ಸೇವೆಯೊಂದನ್ನು ಆರಂಭಿಸೋಣವೆಂದು ಕೇಳಿಕೊಳ್ಳುತ್ತೇವೆ. ಇದಕ್ಕೆ ಕಟ್ಟಡ ಬೇಡ, ರಸೀದಿ ಪುಸ್ತಕ ಬೇಡ, ಉದ್ಘಾಟನೆ ಬೇಡ. ಆದರೆ ಒಳ್ಳೆಯ ಮನಸ್ಸೊಂದೇ ಸಾಲದು, ಕ್ರಮ ಬೇಕು. ಕ್ರಮವಿಲ್ಲದ ಪ್ರೀತಿ ಮೂರು ವಾರದಲ್ಲಿ ಬತ್ತಿಹೋಗುತ್ತದೆ, ಆಸೆ ಹುಟ್ಟಿಸಿ ಕೈಬಿಟ್ಟ ನೋವನ್ನು ಹಿರಿಯರ ಪಾಲಿಗೆ ಉಳಿಸುತ್ತದೆ.

ಮೊದಲನೆಯದಾಗಿ, ಕೇಳಿ ಹೋಗಬೇಕು. ಬೇಡವೆನ್ನುವ ಹಕ್ಕು ಹಿರಿಯರಿಗಿದೆ. 'ನಿಮಗೆ ಯಾರೂ ಇಲ್ಲವಲ್ಲ, ಅದಕ್ಕೇ ಬಂದೆವು' ಎಂದರೆ ಸ್ವಾಭಿಮಾನಿಯಾದವರು ಬಾಗಿಲು ಹಾಕಿಯಾರು. 'ಅಜ್ಜಿ, ಬುಧವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಬಂದು ಕೂರಬಹುದಾ?' ಎಂದು ಕೇಳಿದರೆ ಅದು ಬೇರೆ ಮಾತು.

ಎರಡನೆಯದಾಗಿ, ಯಾರ ಮನೆಗೆ ಯಾರು ಎಂಬುದನ್ನು ಯೋಚಿಸಿ ಜೋಡಿಸಬೇಕು. ನಮ್ಮಲ್ಲಿ ಕರಾವಳಿಯಿಂದ ಬಂದ ಕೊಂಕಣಿ ಮನೆಗಳಿವೆ, ಕೇರಳದಿಂದ ಬಂದು ನೆಲೆಸಿದ ಮನೆಗಳಿವೆ, ಕಾಫಿತೋಟದ ತಮಿಳು ಮನೆಗಳಿವೆ. ವಯಸ್ಸಾದಂತೆ ಮನಸ್ಸು ಹಾಲು ಕುಡಿದ ಭಾಷೆಗೇ ಮರಳುತ್ತದೆ. ಅಮ್ಮಚ್ಚಿಯ ಬಳಿ ಮಲಯಾಳ ಬಲ್ಲವರೇ ಕೂರಲಿ. ಕೃಷಿ ಬಲ್ಲ ಅಜ್ಜನಿಗೆ ಅಡಿಕೆ ಧಾರಣೆ ಮಾತನಾಡಬಲ್ಲವರು ಸಿಗಲಿ. ನಡೆದು ಹೋಗುವಷ್ಟು ಹತ್ತಿರದವರಾಗಿರಲಿ. ಒಂಟಿ ಹೆಂಗಸಿನ ಮನೆಗೆ ಹೆಂಗಸರೇ ಹೋಗಲಿ. ಇದರಲ್ಲಿ ಜಾತಿ ಮತ ನೋಡುವುದು ಬೇಡ. ಪಕ್ಕದ ಮನೆಯ ಗೌಡರ ಅಜ್ಜಿಗೂ ಬ್ಯಾರಿ ಅಜ್ಜನಿಗೂ ಒಂಟಿತನ ಒಂದೇ.

ಮೂರನೆಯದಾಗಿ, ಇಬ್ಬಿಬ್ಬರಾಗಿ, ಹಗಲಲ್ಲೇ ಹೋಗಬೇಕು. ಯೇಸುಸ್ವಾಮಿಯೂ ಶಿಷ್ಯರನ್ನು ಇಬ್ಬಿಬ್ಬರಾಗಿಯೇ ಕಳಿಸಿದರು. ಆನೆಯ ಭಯವಿರುವ ದಾರಿಗಳಲ್ಲಿ ಸಂಜೆಗೆ ಮುನ್ನ ಮರಳಬೇಕು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಒಂದು ಗಂಟೆ. ದಿನ ಮತ್ತು ಗಂಟೆ ನಿಗದಿಯಾಗಿರಲಿ. ಇದು ಎಲ್ಲಕ್ಕಿಂತ ಮುಖ್ಯ. ಬುಧವಾರ ಬರುತ್ತೇವೆಂದರೆ ಮಂಗಳವಾರವೇ ಅಜ್ಜಿ ಸೀರೆ ಮಡಿಸಿಡುತ್ತಾರೆ, ಹಪ್ಪಳ ಬಿಸಿಲಿಗಿಡುತ್ತಾರೆ. ಆ ಕಾಯುವಿಕೆಯೇ ಅರ್ಧ ಔಷಧಿ. ಹೋಗದಿದ್ದರೆ ಅದೇ ಕಾಯುವಿಕೆ ವಿಷವಾಗುತ್ತದೆ. ಬರಲಾಗದಿದ್ದರೆ ಮೊದಲೇ ಹೇಳಿ ಕಳಿಸಬೇಕು. ಹೆಚ್ಚು ಮಾತು ಕೊಡುವುದು ಬೇಡ. ಕೊಟ್ಟ ಮಾತು ತಪ್ಪುವುದು ಬೇಡ.

ನಾಲ್ಕನೆಯದಾಗಿ, ಅಲ್ಲಿ ನಾವು ಮಾಡಬಾರದ ಕೆಲಸಗಳನ್ನು ತಿಳಿದಿರಬೇಕು. ಹಣ ಕೊಡುವುದು, ತೆಗೆದುಕೊಳ್ಳುವುದು ಬೇಡ. ಬ್ಯಾಂಕ್ ಪಾಸ್‌ಬುಕ್, ಎಟಿಎಂ ಸಂಖ್ಯೆ, ಮೊಬೈಲಿಗೆ ಬರುವ ಒಟಿಪಿ ಯಾವುದನ್ನೂ ಕೇಳಬಾರದು, ಮುಟ್ಟಬಾರದು. ಜಮೀನಿನ ಕಾಗದಕ್ಕೆ ಸಾಕ್ಷಿ ಹಾಕಬಾರದು. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಪಕ್ಷ ವಹಿಸಬಾರದು. ಔಷಧಿ ಬದಲಿಸುವ ಸಲಹೆ ಕೊಡಬಾರದು. ಕೇಳದೆ ಉಪದೇಶ ಮಾಡಬಾರದು. ಅವರು ಜಪಸರ ಹೇಳೋಣವೆಂದರೆ ಹೇಳಿ. ಕ್ರಿಕೆಟ್ ನೋಡೋಣವೆಂದರೆ ನೋಡಿ. ಅಲ್ಲಿ ಕೇಳಿದ ಮಾತು ಅಂಗಡಿಕಟ್ಟೆಗೆ ಬರಬಾರದು.

ಐದನೆಯದಾಗಿ, ಗುಟ್ಟಾಗಿ ಇಡಬಾರದ ಸಂಗತಿಗಳೂ ಇವೆ. ಮೈಮೇಲೆ ಪೆಟ್ಟಿನ ಗುರುತು, ಖಾಲಿ ಅಕ್ಕಿ ಡಬ್ಬ, ಸಾಯುವ ಮಾತು ಕಂಡುಬಂದರೆ ಸೇವೆಯ ಜವಾಬ್ದಾರಿ ಹೊತ್ತವರಿಗೆ ಅಂದೇ ತಿಳಿಸಬೇಕು. ತಿಳಿಸುವುದಾಗಿ ಹಿರಿಯರಿಗೂ ಹೇಳಿಯೇ ಹೊರಡಬೇಕು. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರ ಕಾಯಿದೆ ಇದೆ. ಅದರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ಬಳಿ ದೂರು ಕೊಡಬಹುದು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದ್ದರೆ ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವವರು ಯಾರೆಂದು ನೋಡಬಹುದು. ಭೇಟಿಗೆ ಹೋಗುವವರೇ ಎಲ್ಲವನ್ನೂ ಹೊರಬೇಕಿಲ್ಲ.

ಕೊನೆಯದಾಗಿ, ಭೇಟಿಗೆ ಹೋಗುವವರನ್ನೂ ನೋಡಿಕೊಳ್ಳಬೇಕು. ಜವಾಬ್ದಾರಿ ಹೊತ್ತ ಒಬ್ಬರ ಬಳಿ ಒಂದು ನೋಟ್‌ಬುಕ್ ಇರಲಿ: ಯಾರು, ಯಾವ ಮನೆ, ಯಾವ ದಿನ. ಹೊಸಬರನ್ನು ಮೊದಲ ಸಲ ಅವರೇ ಕರೆದೊಯ್ದು ಪರಿಚಯಿಸಲಿ. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಕಷ್ಟಸುಖ ಮಾತನಾಡಲಿ. ಐವತ್ತು ಮನೆಯಿಂದ ಆರಂಭಿಸುವುದು ಬೇಡ. ಐದು ಮನೆ ಸಾಕು. ನಾವು ಭೇಟಿಯಾಗುವವರು ವಯಸ್ಸಾದವರು. ಒಂದು ಬುಧವಾರ ಆ ಕುರ್ಚಿ ಖಾಲಿಯಾಗಿರುತ್ತದೆ. ಅಂದು ಅತ್ತವರನ್ನು 'ನಿಮಗೇನು ಸಂಬಂಧ?' ಎಂದು ಯಾರೂ ಕೇಳಬಾರದು. ಸಂಬಂಧವಾಗಬೇಕೆಂದೇ ನಾವು ಹೋದದ್ದು.

ದೂರದಲ್ಲಿರುವ ಮಕ್ಕಳು ಇದನ್ನು ಕೇಳಿ, 'ಸದ್ಯ, ಊರಿನವರು ನೋಡಿಕೊಳ್ಳುತ್ತಾರೆ' ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಬುಧವಾರ ಬರುವ ಗೆಳತಿ ಮಗಳಾಗುವುದಿಲ್ಲ. ನಿಮ್ಮ ಅಮ್ಮ ಅವಳಿಗೆ ಕಾಫಿ ಮಾಡಿಕೊಟ್ಟು ಹೇಳುವುದು ನಿಮ್ಮ ಕಥೆಯನ್ನೇ. ಫೋನಿಗೂ ಒಂದು ದಿನ, ಒಂದು ಗಂಟೆ ಗೊತ್ತುಮಾಡಿ. ಹಣ ಕಳಿಸುವ ದಿನದಂತೆ ಅದೂ ತಪ್ಪದಿರಲಿ.

ಇನ್ನು, ಹೀಗೆ ಹೋಗುವವರು ಬರೀ ಕೊಡುವವರೆಂದು ತಿಳಿಯುವುದು ಬೇಡ. ಮರಿಯಮ್ಮನವರು ಆ ಬೆಟ್ಟದ ಮನೆಯಿಂದ ಬರಿಗೈಯಲ್ಲಿ ಮರಳಲಿಲ್ಲ. ಅವರನ್ನು ಮೊದಲು ಧನ್ಯಳೆಂದು ಗುರುತಿಸಿದ್ದು ಆ ವೃದ್ಧೆಯ ಬಾಯಿ. ಮರಿಯಮ್ಮನವರ ಸ್ತುತಿಗೀತೆ ಹುಟ್ಟಿದ್ದೂ ಅದೇ ಮನೆಯಲ್ಲಿ. ಬಾಲಯೇಸುವನ್ನು ದೇವಾಲಯದಲ್ಲಿ ಗುರುತಿಸಿದವರು ಕೂಡ ಮುದುಕ ಸಿಮೆಯೋನ, ಮುದುಕಿ ಅನ್ನಾ. ನಮ್ಮ ಹಿರಿಯರ ಬಳಿ ಮಿಡಿ ಉಪ್ಪಿನಕಾಯಿಯ ಹದವಿದೆ, ಭದ್ರಾ ಅಣೆಕಟ್ಟಿಗೆ ಮೊದಲಿನ ಊರುಗಳ ನೆನಪಿದೆ, ಕಷ್ಟಕಾಲದಲ್ಲಿ ವಿಶ್ವಾಸ ಉಳಿಸಿಕೊಂಡ ಕಥೆಯಿದೆ. ಕೇಳಿಸಿಕೊಳ್ಳಿ, ಕಲಿಯಿರಿ. ಕೈಕಾಲು ಗಟ್ಟಿಯಿರುವ ಹಿರಿಯರನ್ನು ಇದೇ ಸೇವೆಗೆ ಕರೆಯಿರಿ. ಎಪ್ಪತ್ತರವರಿಗಿಂತ ಎಂಬತ್ತರವರ ಮನಸ್ಸನ್ನು ಬಲ್ಲವರಾರು?

ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ, ಪ್ರತಿ ವರ್ಷ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ಸಾರಿದರು. ಮರಿಯಮ್ಮನವರ ತಂದೆತಾಯಿ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುವುದರಿಂದ ಆ ತಿಂಗಳನ್ನು ಆರಿಸಲಾಯಿತು. 2025ರ ಜೂಬಿಲಿ ವರ್ಷದಲ್ಲಿ ಒಂಟಿ ವೃದ್ಧರ ಭೇಟಿಯನ್ನು ಧರ್ಮಸಭೆ ಯಾತ್ರೆಗೆ ಸಮವೆಂದು ಎಣಿಸಿತು. ಜೂಬಿಲಿ ಮುಗಿಯಿತು, ಯಾತ್ರೆಯ ದಾರಿ ಮುಚ್ಚಿಲ್ಲ. ರೋಮಿಗೆ ಹೋಗಲು ವಿಮಾನ ಬೇಕು. ಹಳ್ಳದಾಚೆಯ ಅಜ್ಜನ ಮನೆಗೆ ಒಂದು ಕೊಡೆ ಸಾಕು.

ಇಂದು ಪೂಜೆ ಮುಗಿದ ಮೇಲೆ ತೆನೆ ಹಂಚುವಾಗ ಒಂದನ್ನು ಹೆಚ್ಚಾಗಿ ಕೇಳಿ ಪಡೆಯಿರಿ. ನಿಮ್ಮ ಮನೆಯ ಬಾಳೆಲೆ ಹಾಸುವ ಮೊದಲು ಅದನ್ನು ಹಿಡಿದು ಒಂದು ಬಾಗಿಲಿಗೆ ಹೋಗಿ. ಸಾಧ್ಯವಾದರೆ ಅವರನ್ನೇ ನಿಮ್ಮ ಮನೆಗೆ ಕರೆತನ್ನಿ. ಆಗದಿದ್ದರೆ ಹಾಲು ಅಲ್ಲೇ ಬೆರೆಸಿ, ಅಲ್ಲೇ ಕುಳಿತು ಕುಡಿಯಿರಿ. ಹೊರಡುವಾಗ 'ಇನ್ನೊಮ್ಮೆ ಬರುತ್ತೇವೆ' ಎನ್ನಬೇಡಿ. ಯಾವ ವಾರ, ಎಷ್ಟು ಗಂಟೆಗೆ ಎಂದು ಹೇಳಿ ಬನ್ನಿ.

ಪ್ರಾರ್ಥಿಸೋಣ. ಬೆಟ್ಟದ ದಾರಿ ಹತ್ತಿ ವೃದ್ಧೆಯ ಮನೆಗೆ ನಡೆದ ಮಾತೆಯೇ, ನಿಮ್ಮ ಹುಟ್ಟುಹಬ್ಬದಂದು ನಮ್ಮ ಕಾಲುಗಳಿಗೆ ಆ ದಾರಿಯನ್ನು ತೋರಿಸಿರಿ. ಕಾಯುತ್ತ ಕುಳಿತವರ ಬಾಗಿಲಿಗೆ ನಮ್ಮನ್ನು ಕಳಿಸಿರಿ. ಕೊಟ್ಟ ಮಾತಿನಂತೆ ಮತ್ತೆ ಮತ್ತೆ ಹೋಗುವ ತಾಳ್ಮೆಯನ್ನು ನಿಮ್ಮ ಪುತ್ರನಿಂದ ನಮಗೆ ದೊರಕಿಸಿರಿ. ಆಮೆನ್.